ಬಿಸಿಲಿನ ಬಣ್ಣ

ಬೇಸಗೆಯಲ್ಲಿ ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಹೋಗುವವರಿಗೆ, ಎಲೆಯುದುರಿದ ಮುತ್ತುಗದ ಮೇಲೆ ಕೆಂಡವೇ ಅರಳಿದಂತೆ ತೋರೀತು. ಛಾಯಾಚಿತ್ರಕಲೆಯ ಮೊದಲ ದಿನಗಳಲ್ಲಿ ಇಂಥ ಹೂವು ಕಪ್ಪಾಗಿ ಮೂಡುತ್ತಿತ್ತು. ಅಂದಿನ ಫಲಕಗಳಿಗೆ ನೀಲಿ ಕಾಣುತ್ತಿತ್ತೇ ಹೊರತು ಕೆಂಪು ಕಾಣುತ್ತಿರಲಿಲ್ಲ. ಕೆಂಡವೇ ಇದ್ದಲಾದಂತೆ!

1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಫಲಕಕ್ಕೆ ವರ್ಣದ್ರವ್ಯ ಬೆರೆಸಿ, ಹಸುರನ್ನೂ ಕಾಣುವ ಕಣ್ಣು ಕೊಟ್ಟನು. 1907ರಲ್ಲಿ ಲ್ಯೂಮಿಯೇರ್ ಸೋದರರ ಬಣ್ಣದ ಫಲಕ ಮಾರುಕಟ್ಟೆಗೆ ಬಂತು. ಆಮೇಲೂ ಬಹುಕಾಲ ಸ್ಟುಡಿಯೋಗಳಲ್ಲಿ ಕುಂಚದಿಂದಲೇ ಬಣ್ಣ ತುಂಬುತ್ತಿದ್ದರು.

ಇಂದು ಕಂಪ್ಯೂಟರಿನಲ್ಲಿ ಹಳದಿ, ಕೆಂಪುಗಳನ್ನು ಏರಿಸಿ ಹೂವಿಗೆ ಬಿಸಿಲು ತರುವವರನ್ನು ಸುಳ್ಳುಗಾರರೆನ್ನಲು ನನಗೆ ಮನಸ್ಸು ಬಾರದು. ಯಂತ್ರ ಕಳೆದದ್ದನ್ನು ಕೈ ತುಂಬಿಕೊಡುವುದು ಹಳೆಯ ಪದ್ಧತಿಯೇ. ಆದರೆ ಇದು ಬರವನ್ನು ಕಂಡುಂಡ ಸೀಮೆ. ಮಳೆ ಕಂಡ ವರ್ಷದ ನೆಲಕ್ಕೂ ಬರದ ಬಣ್ಣ ಬಳಿದರೆ, ಅದು ಚರಿತ್ರೆಗೆ ಬಗೆದ ದ್ರೋಹವಾದೀತು.