ಕಾರಿನ ಬೆನ್ನಿಗೆ ಸೈಕಲ್, ಜೇಬಲ್ಲಿ ಜಾಮೀನು ಚೀಟಿ

1/6
ಯುರೋಪ್ ಟ್ರಿಪ್ ರೀಲ್ಸ್‌ನಲ್ಲಿ ಇದನ್ನ ನೀವು ನೋಡೇ ಇರ್ತೀರ. ಕಾರಿನ ಹಿಂದೆ ಎರಡು ಸೈಕಲ್ ಕಟ್ಕೊಂಡು ಒಂದು ಫ್ಯಾಮಿಲಿ ಹೊರಟಿರುತ್ತೆ. ಜರ್ಮನಿಯಲ್ಲಿ ತಿಂಡಿ, ಆಸ್ಟ್ರಿಯಾದಲ್ಲಿ ಊಟ, ರಾತ್ರಿಗೆ ಇಟಲಿ. ಗಡಿಯಲ್ಲಿ ಯಾರೂ "ಈ ಸೈಕಲ್‌ಗೆ ಸುಂಕ ಕಟ್ಟಿದ್ದೀರಾ?" ಅಂತ ಕೇಳಲ್ಲ. ಆದ್ರೆ ಹೀಗೆ ಕೇಳದೇ ಇರೋಕೆ ಸುಮಾರು ನೂರು ವರ್ಷ ಹಿಡೀತು. ಇವತ್ತಿನ ಕಥೆ ಅದೇ.

2/6
19ನೇ ಶತಮಾನದ ಕೊನೆಗೆ ಹೋಗಿ. ಆಗ ಸೈಕಲ್ ಅಂದ್ರೆ ದುಬಾರಿ ವಸ್ತು. ನೀವು ಗಡಿ ಕಾಯೋ ಕಸ್ಟಮ್ಸ್ ಅಧಿಕಾರಿ ಅಂದ್ಕೊಳ್ಳಿ. ಪರದೇಶದವನೊಬ್ಬ ಸೈಕಲ್ ತಂದಿದ್ದಾನೆ. ಸುತ್ತಾಡಿ ವಾಪಸ್ ಒಯ್ತಾನಾ, ಇಲ್ಲೇ ಮಾರಿ ಹೋಗ್ತಾನಾ? ಮುಖ ನೋಡಿ ಹೇಳೋಕಾಗಲ್ಲ. ಅದಕ್ಕೇ ಸುಂಕದಷ್ಟು ದುಡ್ಡು ಡೆಪಾಸಿಟ್ ಇಡಿಸ್ಕೊಳ್ತಿದ್ರು. ದೇಶ ಬಿಡುವಾಗ ವಾಪಸ್. ಲೆಕ್ಕ ಸರಿಯಾಗೇ ಇದೆ. ಆದ್ರೆ ಮೂರು ದೇಶ ಸುತ್ತೋನಿಗೆ ಮೂರು ಸಲ ದುಡ್ಡು ಸಿಕ್ಕಿಹಾಕಿಕೊಳ್ಳುತ್ತೆ.

3/6
ದಾರಿ ತೋರಿಸಿದ್ದು ಸೈಕಲ್ ಕ್ಲಬ್‌ಗಳು. ಇಂಗ್ಲೆಂಡಿನಲ್ಲಿ 1878ರಲ್ಲಿ ಶುರುವಾದ ಬೈಸಿಕಲ್ ಟೂರಿಂಗ್ ಕ್ಲಬ್ 1883ರಲ್ಲಿ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಆಯ್ತು. ಫ್ರಾನ್ಸಿನಲ್ಲಿ 1890ರಲ್ಲಿ ಟೂರಿಂಗ್ ಕ್ಲಬ್ ದ ಫ್ರಾನ್ಸ್ ಹುಟ್ಟಿತು. 1898ರಲ್ಲಿ ಲಕ್ಸೆಂಬರ್ಗ್‌ನಲ್ಲಿ ಬೇರೆ ಬೇರೆ ದೇಶದ ಕ್ಲಬ್‌ಗಳು ಸೇರಿ ಒಕ್ಕೂಟ ಕಟ್ಟಿಕೊಂಡ್ವು. ಕ್ಲಬ್‌ಗಳು ಹೇಳಿದ್ದು ಇಷ್ಟೇ: "ಇವ್ರು ನಮ್ಮ ಸದಸ್ಯರು, ಇವ್ರಿಗೆ ನಾವು ಜವಾಬ್ದಾರಿ."

4/6
ಆಮೇಲೆ ಕಾರು ಬಂತು. ಅದರ ಸುಂಕ ಇನ್ನೂ ಜಾಸ್ತಿ. ಅದಕ್ಕೆ ಮೊದಲು ಟ್ರಿಪ್ಟಿಕ್ ಅನ್ನೋ ಮೂರು ಭಾಗದ ಪತ್ರ ಬಂತು, ಅದು ಒಂದೇ ದೇಶಕ್ಕೆ. ಆಮೇಲೆ ಹಲವು ದೇಶಕ್ಕೆ ಆಗೋ ಪುಸ್ತಕ, ಕಾರ್ನೆ. ಒಳಗೆ ಹೋಗುವಾಗ ಒಂದು ಸೀಲು, ಹೊರಗೆ ಬರುವಾಗ ಇನ್ನೊಂದು. ಹೊರಗಿನ ಸೀಲು ಇಲ್ಲ ಅಂದ್ರೆ ಕಸ್ಟಮ್ಸ್‌ನವರು ಸುಂಕವನ್ನ ಕ್ಲಬ್ ಹತ್ರ ಕೇಳ್ತಾರೆ, ಕ್ಲಬ್ ನಿಮ್ಮ ಹತ್ರ ವಸೂಲಿ ಮಾಡುತ್ತೆ. ಕಾಮರ್ಸ್ ಫ್ರೆಂಡ್ಸ್, ನಾವು ಓದೋ ಕಂಟಿಂಜೆಂಟ್ ಲಯಬಿಲಿಟಿ ಇದೇ ಅಲ್ವಾ!

5/6
ಹಾಗಾದ್ರೆ ಕಾರಿನ ಮೇಲಿರೋ ಸೈಕಲ್? ಅದಕ್ಕೆ ಉತ್ತರ 1954ರ ಜೂನ್ 4ರಂದು ನ್ಯೂಯಾರ್ಕ್‌ನಲ್ಲಿ ಆದ ಒಪ್ಪಂದದಲ್ಲಿದೆ. ಪ್ರವಾಸಿ ಸುಂಕ ಇಲ್ಲದೆ ತಾತ್ಕಾಲಿಕವಾಗಿ ಒಯ್ಯಬಹುದಾದ ಸ್ವಂತ ವಸ್ತುಗಳ ಪಟ್ಟಿ ಅದು. ಒಂದು ಜೊತೆ ಸ್ಕೀ, ಎರಡು ಟೆನಿಸ್ ರ್ಯಾಕೆಟ್, 50 ತೋಟಾ ಜೊತೆಗೆ ಒಂದು ಬೇಟೆ ಬಂದೂಕು, ಮತ್ತೆ ಎಂಜಿನ್ ಇಲ್ಲದ ಒಂದು ಸೈಕಲ್! ವಾಪಸ್ ತರಬೇಕು ಅನ್ನೋದೇ ಷರತ್ತು. ಎಂಜಿನ್ ಇದ್ರೆ ಮಾತ್ರ ಅದು ವಾಹನ, ಅದೇ ದಿನ ಸಹಿಯಾದ ಬೇರೆ ಒಪ್ಪಂದಕ್ಕೆ ಹೋಗುತ್ತೆ. ಅಂದ್ರೆ ಒಂದು ಕಾಲದಲ್ಲಿ ಅನುಮಾನಕ್ಕೆ ಗುರಿಯಾಗಿದ್ದ ಸೈಕಲ್, ಈಗ ನಿಮ್ಮ ಬಟ್ಟೆಬರೆ ಸಾಲಿಗೆ ಸೇರಿತು.

6/6
1993ರ ಜನವರಿ 1ಕ್ಕೆ ಯುರೋಪಿನ ಏಕ ಮಾರುಕಟ್ಟೆ ಬಂದು, ಅದರೊಳಗಿನ ಗಡಿಗಳಲ್ಲಿ ಕಸ್ಟಮ್ಸ್ ತಪಾಸಣೆ ನಿಂತಿತು. 1995ರ ಮಾರ್ಚ್ 26ಕ್ಕೆ ಷೆಂಗೆನ್ ಜಾರಿಯಾಗಿ 7 ದೇಶಗಳ ನಡುವೆ ಪಾಸ್‌ಪೋರ್ಟ್ ತಪಾಸಣೆಯೂ ಹೋಯ್ತು. ಈಗ ಪೊಲೀಸರು ಕೇಳೋದು ಬೇರೆ: ನಂಬರ್ ಪ್ಲೇಟ್ ಮುಚ್ಚಿದೆಯಾ? ಹಿಂದೆ ಬರೋರಿಗೆ ಸೈಕಲ್ ಕಾಣುತ್ತಾ? ಇಟಲಿ, ಸ್ಪೇನ್‌ನಲ್ಲಿ ಹಿಂದಕ್ಕೆ ಚಾಚಿದ ಸೈಕಲ್ ಮೇಲೆ 50×50 ಸೆಂ.ಮೀ. ಕೆಂಪು-ಬಿಳಿ ಪಟ್ಟೆಯ ಹಲಗೆ ಕಟ್ಟಲೇಬೇಕು.

ಆದ್ರೆ ಭಾರತದಿಂದ ಕಾರಲ್ಲಿ ಇರಾನ್ ದಾಟಿ ಯುರೋಪಿಗೆ ಹೊರಟ್ರೆ ಇವತ್ತಿಗೂ ಕಾರ್ನೆ ಬೇಕು, ಅದಕ್ಕೆ ಜಾಮೀನು ಇಡಬೇಕು. ಅಲ್ಲಿ ದೇಶಕ್ಕೆ ದೇಶವೇ ಜಾಮೀನು ನಿಂತಿದೆ. ಇಲ್ಲಿ ನಮ್ಮ ದುಡ್ಡು ನಿಲ್ಲಬೇಕು. ಗಡಿ ಸುಲಭ ಆಗೋದು ಬೇಲಿ ಕಿತ್ತಾಗ ಅಲ್ಲ, ಇನ್ನೊಬ್ಬರ ಪರವಾಗಿ "ನಾನಿದ್ದೀನಿ" ಅನ್ನೋರು ಸಿಕ್ಕಾಗ.

ನಮ್ಮ ಸುತ್ತಲಿನ ದೇಶಗಳ ಮಧ್ಯೆ ಹೀಗೆ ಯಾವತ್ತಾದ್ರೂ ಆಗುತ್ತಾ? ನಿಮಗೇನನ್ಸುತ್ತೆ, ಕಾಮೆಂಟ್‌ನಲ್ಲಿ ಹೇಳಿ.

#ಸೈಕಲ್ #ಇತಿಹಾಸ #ಕನ್ನಡ