ಕನ್ನಡಿಯೊಳಗಿನ ಎಂಜಿನ್

ಬಿಚ್ಚಿಟ್ಟ ಆರ್‌ಎಕ್ಸ್ 100 ಬೈಕಿನ ಸಿಲಿಂಡರ್ ಬ್ಲಾಕನ್ನು ಗ್ಯಾರೇಜಿನಲ್ಲಿ ಎಂದಾದರೂ ಕೈಗೆತ್ತಿಕೊಂಡು ನೋಡಿದ್ದೀರಾ? ಒಳಗೋಡೆಯ ಎರಡೂ ಪಕ್ಕಕ್ಕೆ ಓರೆಯಾಗಿ ಕಿಂಡಿಗಳಿರುತ್ತವೆ. ಕೆಳಗಿನಿಂದ ನುಗ್ಗುವ ಪೆಟ್ರೋಲು-ಗಾಳಿಯ ಮಿಶ್ರಣ ಆ ಕಿಂಡಿಗಳಿಂದ ಹೊರಟು, ಹಿಂದಿನ ಗೋಡೆಗೆ ಬಡಿದು, ಮೇಲೆದ್ದು ಒಂದು ಸುತ್ತು ಹಾಕಿ, ಸುಟ್ಟ ಹೊಗೆಯನ್ನು ಸೈಲೆನ್ಸರಿನತ್ತ ತಳ್ಳುತ್ತದೆ. ಈ ಸುತ್ತು 1920ರ ದಶಕದಲ್ಲಿ ಜರ್ಮನಿಯ ಎಂಜಿನಿಯರ್ ಅಡಾಲ್ಫ್ ಶ್ನೂರ್ಲೆಗೆ ಹೊಳೆದದ್ದು. ಅದಕ್ಕೂ ಮುಂಚೆ ಟೂ ಸ್ಟ್ರೋಕ್ ಪಿಸ್ಟನ್ನಿನ ನೆತ್ತಿಯ ಮೇಲೊಂದು ಗೂನು ಇರುತ್ತಿತ್ತು, ಮಿಶ್ರಣ ಸುಡುವ ಮೊದಲೇ ನೇರವಾಗಿ ಹೊರಗೆ ಹಾರಿಹೋಗದಿರಲಿ ಅಂತ. ಆ ಗೂನಿನಿಂದ ಪಿಸ್ಟನ್ ಭಾರವೂ ಆಗುತ್ತಿತ್ತು, ವಿಪರೀತ ಕಾಯುತ್ತಲೂ ಇತ್ತು. ಶ್ನೂರ್ಲೆ ಕಿಂಡಿಗಳ ಮುಖ ತಿರುಗಿಸಿದ, ಪಿಸ್ಟನ್ನಿನ ನೆತ್ತಿ ಸಪಾಟಾಯಿತು.

ಸ್ಯಾಕ್ಸನಿಯ ಚೋಪಾವ್ ಎಂಬ ಊರಿನ ಡಿಕೆಡಬ್ಲ್ಯೂ ಕಂಪನಿ ಈ ಉಪಾಯವನ್ನು ಮೋಟಾರ್‌ಸೈಕಲ್ಲಿಗೆ ತಂದಿತು. 1939ರಲ್ಲಿ ಹರ್ಮನ್ ವೆಬರ್ ಅದನ್ನಿಟ್ಟುಕೊಂಡು ಆರ್‌ಟಿ 125 ಎಂಬ ಪುಟ್ಟ ಗಾಡಿ ಮಾಡಿದ. ಮೂರೇ ಗೇರು, ಮೈಮೇಲೆ ಒಂದು ಬೋಲ್ಟೂ ಹೆಚ್ಚಿಲ್ಲ. ಹೆಸರು ಮಾಡಿದ ಗಾಡಿಗಳ ಪಟ್ಟಿಗಳಲ್ಲಿ ವೇಗದ ವಿನ್ಸೆಂಟ್, ಚೆಲುವಿನ ಡುಕಾಟಿ ಮೇಲಿರುತ್ತವೆ. ನನ್ನನ್ನು ಕೇಳಿದರೆ ಮೊದಲ ಸಾಲಿನಲ್ಲಿ ಬರೆಯಬೇಕಾದದ್ದು ಈ ಬಡಕಲು ಆರ್‌ಟಿಯನ್ನೇ. ಅದರಷ್ಟು ಸಂತಾನ ಕಂಡ ಗಾಡಿ ಇನ್ನೊಂದು ಸಿಗುವುದು ಕಷ್ಟ.

ಯುದ್ಧದಲ್ಲಿ ಜರ್ಮನಿ ಸೋತ ಮೇಲೆ ನಕ್ಷೆಗಳು ಗೆದ್ದವರ ಪಾಲಾದವು. 1946ರಲ್ಲಿ ಆರ್‌ಟಿ ಸೋವಿಯತ್ ದೇಶದಲ್ಲಿ 'ಮಾಸ್ಕ್ವಾ' ಎಂಬ ಹೆಸರಿನಿಂದ ಹುಟ್ಟಿತು. ಹಾರ್ಲೆ-ಡೇವಿಡ್‌ಸನ್ ಕೂಡ ತನ್ನ ಆನೆಗಾತ್ರದ ಗಾಡಿಗಳ ಪಕ್ಕದಲ್ಲಿ ಇದರ ನಕಲೊಂದನ್ನು ನಿಲ್ಲಿಸಿತು. 1948ರಲ್ಲಿ ಬ್ರಿಟನ್ನಿನ ಬಿಎಸ್‌ಎ ಕಂಪನಿಯ 'ಬ್ಯಾಂಟಮ್' ಬಂತು. ಇದರದೊಂದು ತಮಾಷೆ. ಬ್ರಿಟಿಷರಿಗೆ ಆಗ ಗೇರು ಬಲಗಾಲಿಗೇ ಸಿಗಬೇಕಿತ್ತು, ಜರ್ಮನ್ನರದು ಎಡಗಾಲಿನದು. ಬಿಎಸ್‌ಎಯವರು ಹೊಸ ಎಂಜಿನ್ ಬರೆಯುವ ಗೋಜಿಗೆ ಹೋಗಲಿಲ್ಲ. ಇದ್ದದ್ದನ್ನೇ ಕನ್ನಡಿಯಲ್ಲಿ ಕಂಡ ಹಾಗೆ ಎಡ-ಬಲ ಮಗುಚಿ ಬರೆದರು. ಈಗಲೂ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಒಂದು ಇನ್ನೊಂದರ ಪ್ರತಿಬಿಂಬ.

ಜಪಾನಿನಲ್ಲಿ ಪಿಯಾನೋ, ಹಾರ್ಮೋನಿಯಂ ಮಾಡಿಕೊಂಡಿದ್ದ ಕಂಪನಿಯೊಂದು 1955ರಲ್ಲಿ ಮೋಟಾರ್‌ಸೈಕಲ್ಲಿಗೆ ಕೈಹಾಕಿತು. ಆ ಯಮಹಾದ ಮೊದಲ ಗಾಡಿ ವೈಎ-1 ಸಹ ಆರ್‌ಟಿಯನ್ನೇ ನೋಡಿ ಮಾಡಿದ್ದು, ಒಂದು ಗೇರು ಹೆಚ್ಚಿಸಿ. ಕೆಂಗಂದು ಬಣ್ಣದ ಅದನ್ನು ಜನ 'ಕೆಂಪು ಏರೋಪ್ಲೇನ್ ಚಿಟ್ಟೆ' ಅಂತ ಕರೆದರು. ಹುಟ್ಟಿದ ವರ್ಷವೇ ಫ್ಯೂಜಿ ಬೆಟ್ಟ ಹತ್ತುವ ಪಂದ್ಯವನ್ನು ಗೆದ್ದಿತು. ಆ ವಂಶದ ಟೂ ಸ್ಟ್ರೋಕ್‌ಗಳಲ್ಲಿ ಒಂದು 1985ರಲ್ಲಿ ಭಾರತಕ್ಕೆ ಬಂದ ಆರ್‌ಎಕ್ಸ್ 100. ಕಾಲೇಜು ಹುಡುಗರನ್ನೂ ಕಳ್ಳರನ್ನೂ ಒಂದೇ ಸಮ ಮರುಳು ಮಾಡಿದ ಗಾಡಿ.

ನಕಲು ಅಂದರೆ ಮೂಗು ಮುರಿಯುವ ಅಭ್ಯಾಸ ನಮಗಿದೆ. ಮೋಟಾರ್‌ಸೈಕಲ್ ಬೆಳೆದದ್ದೇ ಹೀಗೆ. ಮೊದಲ ಮಹಾಯುದ್ಧದ ನಂತರ ವಿಮಾನದ ಎಂಜಿನ್ ಮಾಡಬಾರದೆಂದು ವರ್ಸೇಲ್ಸ್ ಒಪ್ಪಂದ ಜರ್ಮನಿಯ ಕೈಕಟ್ಟಿದಾಗ ಬಿಎಂಡಬ್ಲ್ಯೂನ ಮ್ಯಾಕ್ಸ್ ಫ್ರಿಟ್ಸ್ 1923ರಲ್ಲಿ ಆರ್32 ಬರೆದ. ಸಿಲಿಂಡರುಗಳು ಎರಡೂ ಪಕ್ಕಕ್ಕೆ ಚಾಚಿ ಗಾಳಿಗೆ ಮೈಯೊಡ್ಡಿದ್ದವು, ಹಿಂದಿನ ಗಾಲಿಗೆ ಚೈನಿನ ಬದಲು ಶಾಫ್ಟು. ಅದೇ ಮನೆತನದ ಆರ್71ಅನ್ನು ಸೋವಿಯತ್ ಸೇನೆ ಎತ್ತಿಕೊಂಡಿತು, ಅದರ ಪೀಳಿಗೆಯೇ ಸೈಡ್‌ಕಾರಿನ ಉರಾಲ್. 1937ರಲ್ಲಿ ಎಡ್ವರ್ಡ್ ಟರ್ನರ್ ಎರಡು ಸಿಲಿಂಡರುಗಳನ್ನು ಅಕ್ಕಪಕ್ಕ ನಿಲ್ಲಿಸಿ ಟ್ರಯಂಫ್ ಸ್ಪೀಡ್ ಟ್ವಿನ್ ಮಾಡಿದ. ಹತ್ತೇ ಹನ್ನೆರಡು ವರ್ಷದಲ್ಲಿ ಬಿಎಸ್‌ಎ, ನಾರ್ಟನ್, ರಾಯಲ್ ಎನ್‌ಫೀಲ್ಡ್ ಎಲ್ಲರ ಬಳಿಯೂ ಒಂದೊಂದು ಟ್ವಿನ್. ಬಿಎಸ್‌ಎಯ ಟ್ವಿನ್ ನೋಡಿಕೊಂಡು ಜಪಾನಿನ ಮೆಗುರೊ ಒಂದು ಮಾಡಿತು. ಮೆಗುರೊವನ್ನು ನುಂಗಿದ ಕವಾಸಾಕಿ ಅದನ್ನೇ ಹಿಗ್ಗಿಸಿ ಡಬ್ಲ್ಯೂ1 ತಂದಿತು.

ಹೋಂಡಾದ ಮಾತು ಬೇರೆ. 1958ರ ಸೂಪರ್ ಕಬ್‌ಗೆ ಮಾದರಿಯೇ ಇರಲಿಲ್ಲ ಅನ್ನಬಹುದು. ಸೋಬಾ ನೂಡಲ್ಸ್ ಅಂಗಡಿಯ ಹುಡುಗ ಒಂದು ಕೈಯಲ್ಲಿ ತಟ್ಟೆ ಹಿಡಿದು ಇನ್ನೊಂದೇ ಕೈಯಲ್ಲಿ ಓಡಿಸುವಂತಿರಬೇಕು ಎಂಬುದು ಕಂಪನಿಯ ವ್ಯವಹಾರ ನೋಡಿಕೊಳ್ಳುತ್ತಿದ್ದ ಟಕೆಯೊ ಫುಜಿಸಾವಾನ ಹಟ. ಹಾಗಾಗಿ ಕ್ಲಚ್ಚಿನ ಹಿಡಿಯೇ ಇಲ್ಲ. 2017ರ ಹೊತ್ತಿಗೆ ತಯಾರಾದ ಕಬ್‌ಗಳ ಸಂಖ್ಯೆ 10 ಕೋಟಿ ದಾಟಿತು. ನಮ್ಮ ಹಳ್ಳಿಗಳ ಸ್ಪ್ಲೆಂಡರನ್ನು ಬಗ್ಗಿ ನೋಡಿ, ಕಬ್‌ನಂತೆಯೇ ಅದರ ಸಿಲಿಂಡರೂ ಮುಂದಕ್ಕೆ ಮಲಗಿದೆ. 1969ರ ಸಿಬಿ750 ನಾಲ್ಕು ಸಿಲಿಂಡರು, ಮುಂದಿನ ಗಾಲಿಗೆ ಡಿಸ್ಕ್ ಬ್ರೇಕು, ಬಟನ್ ಸ್ಟಾರ್ಟು ಎಲ್ಲವನ್ನೂ ಒಂದೇ ಗಾಡಿಯಲ್ಲಿ ಕೊಟ್ಟು, ಎಣ್ಣೆ ಸೋರುತ್ತಿದ್ದ ಬ್ರಿಟಿಷ್ ಟ್ವಿನ್‌ಗಳನ್ನು ಮೂಲೆಗೆ ಕೂರಿಸಿತು.

ಇಷ್ಟಾದರೂ ಜಪಾನಿನವರು ಕದಿಯದ ಜಾಣತನವೊಂದು ಮೈಸೂರಿನ ಬೀದಿಗಳಲ್ಲಿ ಓಡಾಡಿತು. ಚೆಕ್ ದೇಶದ ಜಾವಾವನ್ನು 1961ರಿಂದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸಿತು, ಕದ್ದಲ್ಲ, ಲೈಸೆನ್ಸ್ ಪಡೆದು. ಅದರ ಎಡಪಕ್ಕದಲ್ಲಿ ಒಂದೇ ಲಿವರ್. ಒಳಗೆ ಒತ್ತಿ ಮೇಲೆತ್ತಿ ನಿಲ್ಲಿಸಿದರೆ ಕಿಕ್ಕು. ಗಾಡಿ ಹೊತ್ತಿಕೊಂಡ ಮೇಲೆ ಮುಂದಕ್ಕೆ ಮಗುಚಿದರೆ ಅದೇ ಗೇರು. ಜಪಾನಿನ ನಾಲ್ಕು ದೊಡ್ಡ ಕಂಪನಿಗಳೂ ಕಿಕ್ಕೇ ಬೇರೆ, ಗೇರೇ ಬೇರೆ ಎಂದೇ ಉಳಿದವು. ನಮ್ಮ ಸೋದರಮಾವನ ಜಾವಾವನ್ನು ಬುಲೆಟ್ ಇದ್ದ ಅವರ ಸ್ನೇಹಿತರು ಎರವಲು ಕೇಳಿದಾಗ ನಾವು ಮಕ್ಕಳೆಲ್ಲ ಜಗಲಿಗೆ ಬಂದು ನಿಲ್ಲುತ್ತಿದ್ದೆವು. ಆಗಿನ ಬುಲೆಟ್ಟಿಗೆ ಬಲಗಾಲಲ್ಲಿ ಗೇರು, ಎಡಗಾಲಲ್ಲಿ ಬ್ರೇಕು. ಅವರು ಮೊದಲು ಬಲಗಡೆ ಕಿಕ್ಕರ್ ಹುಡುಕುತ್ತಿದ್ದರು. ಮಾವ ಬಂದು ಕಿಕ್ ಹೊಡೆದು, ಫಸ್ಟ್ ಗೇರ್ ಹಾಕಿಕೊಟ್ಟು ಕಳಿಸಿದರೆ, ಬೀದಿಯ ತಿರುವಿನಲ್ಲಿ ಸೆಕೆಂಡ್ ಗೇರಿಗೆಂದು ಅವರ ಬಲಗಾಲು ತಾನೇತಾನಾಗಿ ಬ್ರೇಕ್ ಒತ್ತುತ್ತಿತ್ತು.