ಪರರ ಅವಸರ: ಅಮೆರಿಕದ ಬ್ಯಾಸ್ಕೆಟ್‌ಬಾಲಿನಲ್ಲಿ ಬಿದ್ದ ತಂಡವನ್ನು ಕಟ್ಟುವ ವಿದ್ಯೆಯ ಇತಿಹಾಸ

ಯುರೋಪಿನ ಫುಟ್‌ಬಾಲ್ ಲೀಗುಗಳಲ್ಲಿ ಪಟ್ಟಿಯ ತಳದಲ್ಲಿ ಉಳಿದ ತಂಡವು ಮರುವರ್ಷ ಕೆಳಗಿನ ದರ್ಜೆಗೆ ಇಳಿಯಬೇಕಾಗುತ್ತದೆ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲಿನಲ್ಲಿ ಹಾಗೆ ಉಳಿದ ತಂಡಕ್ಕೆ ಶಿಕ್ಷೆಯ ಬದಲು ಸಹಾಯ ದೊರೆಯುತ್ತದೆ. ಕಾಲೇಜುಗಳಿಂದಲೂ ಹೊರದೇಶಗಳಿಂದಲೂ ಬರುವ ಹೊಸ ಆಟಗಾರರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುವ ವಾರ್ಷಿಕ ಏರ್ಪಾಡಿಗೆ ಅಲ್ಲಿ ಡ್ರಾಫ್ಟ್ ಎಂದು ಹೆಸರು. ಐಪಿಎಲ್ ಹರಾಜನ್ನು ಬಲ್ಲ ಓದುಗರು ಗಮನಿಸಬೇಕಾದ ವ್ಯತ್ಯಾಸವೆಂದರೆ, ಡ್ರಾಫ್ಟಿನಲ್ಲಿ ಹಣದ ಸವಾಲು ಕೂಗುವವರಿಲ್ಲ. ಯಾರು ಹೆಚ್ಚು ಸೋತಿದ್ದಾರೋ ಅವರ ಸರದಿ ಸ್ಥೂಲವಾಗಿ ಮೊದಲು ಬರುತ್ತದೆ, ಮತ್ತು ಆ ಸರದಿಯನ್ನೇ ಒಂದು ಸ್ವತ್ತಿನಂತೆ ಬೇರೆ ತಂಡಕ್ಕೆ ಬಿಟ್ಟುಕೊಟ್ಟು ಪ್ರತಿಯಾಗಿ ಆಟಗಾರನನ್ನು ಪಡೆಯಲೂಬಹುದು. ಹೀಗೆ ಆಟಗಾರರನ್ನೂ ಸರದಿಗಳನ್ನೂ ಅದಲುಬದಲು ಮಾಡಿಕೊಳ್ಳುವುದನ್ನು ಟ್ರೇಡ್ ಎನ್ನುತ್ತಾರೆ. ಕುಸಿದ ತಂಡವನ್ನು ಮತ್ತೆ ಕಟ್ಟುವ ವಿದ್ಯೆ ಬೆಳೆದುಬಂದಿರುವುದು ಈ ಎರಡು ಏರ್ಪಾಡುಗಳ ನಡುವೆಯೇ. ಅದರ ಇತಿಹಾಸವನ್ನು ಸೋಲಿನಿಂದ ಲಾಭ ಮಾಡಿಕೊಂಡವರ ಇತಿಹಾಸವೆಂದು ಹೇಳುವುದು ವಾಡಿಕೆ. ಆದರೆ ಹತ್ತಿರದಿಂದ ನೋಡಿದರೆ, ದೊಡ್ಡ ಫಲ ದಕ್ಕಿರುವುದು ತಮ್ಮ ಸೋಲನ್ನೇ ನೆಚ್ಚಿಕೊಂಡವರಿಗಿಂತ ಹೆಚ್ಚಾಗಿ ಪರರ ಅವಸರವನ್ನು ಕೊಂಡುಕೊಂಡವರಿಗೆ.

ಈ ಲೀಗ್ 1946ರಲ್ಲಿ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್ ಆಫ್ ಅಮೆರಿಕ ಎಂಬ ಹೆಸರಿನಲ್ಲಿ ಹುಟ್ಟಿ, 1949ರಲ್ಲಿ ಪ್ರತಿಸ್ಪರ್ಧಿ ಲೀಗಿನೊಂದಿಗೆ ಸೇರಿಕೊಂಡು ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್, ಅಂದರೆ ಎನ್‌ಬಿಎ, ಎನಿಸಿಕೊಂಡಿತು. ಡ್ರಾಫ್ಟ್ 1947ರಲ್ಲೇ ಆರಂಭವಾಗಿತ್ತು. ಅಂಕಣದಲ್ಲಿ ಒಂದು ಪಕ್ಷಕ್ಕೆ ಐವರೇ ಇರುವ ಈ ಆಟದಲ್ಲಿ ಅಸಾಧಾರಣ ಆಟಗಾರನೊಬ್ಬನ ತೂಕ ಹನ್ನೊಂದು ಮಂದಿ ಆಡುವ ಆಟಗಳಲ್ಲಿ ಇರುವುದಕ್ಕಿಂತ ಬಹಳ ಹೆಚ್ಚಾಗಿರುವುದರಿಂದ, ಒಂದೇ ಒಂದು ಸರಿಯಾದ ಆಯ್ಕೆ ಹತ್ತು ವರ್ಷಗಳ ಭವಿಷ್ಯವನ್ನು ಬದಲಿಸಬಲ್ಲದು ಎಂಬುದು ಬೇಗನೆ ಸ್ಪಷ್ಟವಾಯಿತು. ಅದಕ್ಕೆ ಮೊದಲ ದೊಡ್ಡ ಸಾಕ್ಷಿ ಒದಗಿದ್ದು ಬಾಸ್ಟನ್ ಸೆಲ್ಟಿಕ್ಸ್ ತಂಡದಲ್ಲಿ. 1956ರಲ್ಲಿ ಅದರ ತರಬೇತುದಾರ ರೆಡ್ ಔಆರ್‌ಬಾಕ್ ಅವರು ಎಡ್ ಮೆಕಾಲಿ ಮತ್ತು ಕ್ಲಿಫ್ ಹೇಗನ್ ಎಂಬ ಇಬ್ಬರು ಆಟಗಾರರನ್ನು ಸೇಂಟ್ ಲೂಯಿಸ್ ಹಾಕ್ಸ್ ತಂಡಕ್ಕೆ ಕೊಟ್ಟು, ಡ್ರಾಫ್ಟಿನ ಎರಡನೆಯ ಸರದಿಯ ಮೂಲಕ ಬಿಲ್ ರಸೆಲ್ ಅವರನ್ನು ಪಡೆದರು. ಈ ವಿನಿಮಯದಲ್ಲಿ ಸೇಂಟ್ ಲೂಯಿಸ್ ಮೋಸಹೋಯಿತೆಂದು ಹೇಳಲಾಗದು. ಮೆಕಾಲಿ ಆ ಊರಿನವರೇ ಆಗಿದ್ದರು, ಮತ್ತು ಎರಡೇ ವರ್ಷಗಳಲ್ಲಿ, 1958ರಲ್ಲಿ, ಆ ತಂಡ ಬಾಸ್ಟನ್ನನ್ನೇ ಸೋಲಿಸಿ ಪ್ರಶಸ್ತಿ ಗೆದ್ದಿತು. ಆದರೆ ಅಲ್ಲಿಗೆ ಬಂದದ್ದು ಒಂದು ಪ್ರಶಸ್ತಿ. ರಸೆಲ್ ಆಡಿದ 13 ಋತುಗಳಲ್ಲಿ ಬಾಸ್ಟನ್‌ಗೆ ಬಂದವು 11.

ಸರದಿಗೆ ಇಷ್ಟು ಬೆಲೆಯುಂಟೆಂದು ತಿಳಿದ ಮೇಲೆ, ಸರದಿಯನ್ನು ಹಂಚುವ ನಿಯಮವೇ ಲೀಗಿಗೆ ತಲೆನೋವಾಯಿತು. ಮೊದಮೊದಲು ತನ್ನ ಸುತ್ತಮುತ್ತಲಿನ ಕಾಲೇಜಿನ ಆಟಗಾರನನ್ನು, ಮೊದಲ ಸುತ್ತಿನ ಸರದಿಯನ್ನು ಬಿಟ್ಟುಕೊಟ್ಟು, ನೇರವಾಗಿ ಪಡೆಯುವ ಪ್ರಾದೇಶಿಕ ಹಕ್ಕು ತಂಡಗಳಿಗೆ ಇತ್ತು. ಊರಿನ ಹುಡುಗನನ್ನು ನೋಡಲು ಊರಿನ ಜನ ಟಿಕೆಟ್ ಕೊಂಡು ಬರುತ್ತಾರೆಂಬುದು ಅದರ ಹಿಂದಿನ ಲೆಕ್ಕಾಚಾರ. 1966ರಿಂದ ಆ ಹಕ್ಕು ರದ್ದಾಗಿ, ಎರಡು ವಿಭಾಗಗಳ ಕಡೆಯ ತಂಡಗಳ ನಡುವೆ ನಾಣ್ಯ ಚಿಮ್ಮಿ ಮೊದಲ ಆಯ್ಕೆಯನ್ನು ತೀರ್ಮಾನಿಸುವ ಕ್ರಮ ಬಂತು. 1969ರಲ್ಲಿ ನಾಣ್ಯ ಮಿಲ್ವಾಕಿಯ ಕಡೆಗೆ ಬಿದ್ದುದರಿಂದ ಮುಂದೆ ಕರೀಮ್ ಅಬ್ದುಲ್ ಜಬ್ಬಾರ್ ಎಂದು ಹೆಸರಾದ ಲ್ಯೂ ಆಲ್ಸಿಂಡರ್ ಆ ತಂಡಕ್ಕೆ ದಕ್ಕಿದರು. 1971ರಲ್ಲಿ ಅದು ಚಾಂಪಿಯನ್ ಆಯಿತು. ಆದರೆ ಕಡೆಯ ಸ್ಥಾನಕ್ಕೆ ಅರ್ಧದಷ್ಟು ಖಾತರಿ ಇರುವಲ್ಲಿ ಕಡೆಯ ಸ್ಥಾನವನ್ನೇ ಬಯಸುವವರು ಹುಟ್ಟುವುದು ಸಹಜ. ಬೇಕೆಂದೇ ಸೋಲುವ ಈ ನಡೆಗೆ ಟ್ಯಾಂಕಿಂಗ್ ಎಂಬ ಹೆಸರಿದೆ. 1983 ಮತ್ತು 1984ರಲ್ಲಿ ಸತತವಾಗಿ ಮೊದಲ ಆಯ್ಕೆ ಪಡೆದು ರಾಲ್ಫ್ ಸ್ಯಾಂಪ್ಸನ್ ಮತ್ತು ಹಕೀಮ್ ಒಲಾಜುವಾನ್ ಅವರನ್ನು ಸೇರಿಸಿಕೊಂಡ ಹ್ಯೂಸ್ಟನ್ ರಾಕೆಟ್ಸ್ ತಂಡದ ಮೇಲೆ ಇದೇ ಸಂಶಯ ಎದ್ದಿತು. ಅದರ ಫಲವಾಗಿ 1985ರಲ್ಲಿ ಲಾಟರಿ ಪದ್ಧತಿ ಜಾರಿಗೆ ಬಂದು, ಪ್ಲೇಆಫ್ ತಲುಪದ ಏಳು ತಂಡಗಳ ಲಕೋಟೆಗಳ ಪೈಕಿ ಒಂದನ್ನು ಎತ್ತಿ ಮೊದಲ ಆಯ್ಕೆಯನ್ನು ನಿರ್ಧರಿಸಲಾಯಿತು. ಎಲ್ಲರಿಗೂ ಸಮಾನ ಅವಕಾಶವೆಂದರೆ ನಿಜಕ್ಕೂ ದುರ್ಬಲವಾದ ತಂಡಕ್ಕೆ ಅನ್ಯಾಯವೆಂಬ ದೂರು ಬಂದು 1990ರಲ್ಲಿ ಸೋಲಿನ ಪ್ರಮಾಣಕ್ಕೆ ತಕ್ಕಂತೆ ಅವಕಾಶವನ್ನು ಹೆಚ್ಚಿಸಲಾಯಿತು. 1993ರಲ್ಲಿ 66ರಲ್ಲಿ ಒಂದೇ ಅವಕಾಶವಿದ್ದ ಒರ್ಲಾಂಡೊ ಗೆದ್ದಾಗ, ಮರುವರ್ಷದಿಂದ ಕಡೆಯ ತಂಡದ ಪಾಲನ್ನು ಶೇ. 25ಕ್ಕೆ ಏರಿಸಲಾಯಿತು. ಲೀಗು ಒಂದು ಕಿಂಡಿ ಮುಚ್ಚಿದಾಗಲೆಲ್ಲ ಇನ್ನೊಂದು ತೆರೆದುಕೊಂಡಿತು.

ಲೀಗಿನ ಗಮನ ಸೋಲುವವರ ಮೇಲೆ ನೆಟ್ಟಿದ್ದ ಇದೇ ಅವಧಿಯಲ್ಲಿ, ಬುದ್ಧಿವಂತ ತಂಡಗಳು ಸೋಲದೆಯೇ ಮೇಲಿನ ಸರದಿಗಳನ್ನು ಪಡೆಯುತ್ತಿದ್ದವು. ಲಾಸ್ ಏಂಜಲೀಸ್ ಲೇಕರ್ಸ್ 1979ರಲ್ಲಿ ಮ್ಯಾಜಿಕ್ ಜಾನ್ಸನ್ ಅವರನ್ನು ಆರಿಸಿಕೊಂಡದ್ದು ತನ್ನ ಸರದಿಯಿಂದಲ್ಲ. 1976ರಲ್ಲಿ ನ್ಯೂ ಆರ್ಲಿಯನ್ಸ್ ತಂಡವು ಲೇಕರ್ಸ್‌ನ ಹಿರಿಯ ಆಟಗಾರ ಗೇಲ್ ಗುಡ್ರಿಚ್ ಅವರನ್ನು ಸೆಳೆದುಕೊಂಡು ಪರಿಹಾರವಾಗಿ ಕೊಟ್ಟಿದ್ದ ಸರದಿಯಿಂದ. 1980ರಲ್ಲಿ ಔಆರ್‌ಬಾಕ್ ಅವರು ಮೊದಲ ಮತ್ತು ಹದಿಮೂರನೆಯ ಸರದಿಗಳನ್ನು ಗೋಲ್ಡನ್ ಸ್ಟೇಟ್ ತಂಡಕ್ಕೆ ಕೊಟ್ಟು ರಾಬರ್ಟ್ ಪ್ಯಾರಿಷ್ ಅವರನ್ನೂ ಮೂರನೆಯ ಸರದಿಯನ್ನೂ ಪಡೆದು, ಆ ಸರದಿಯಲ್ಲಿ ಕೆವಿನ್ ಮೆಕ್‌ಹೇಲ್ ಅವರನ್ನು ಆರಿಸಿದರು. ಮರುವರ್ಷವೇ ಬಾಸ್ಟನ್ ಚಾಂಪಿಯನ್ ಆಯಿತು. ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದದ್ದು ಕ್ಲೀವ್‌ಲ್ಯಾಂಡ್. 1980ರ ದಶಕದ ಆರಂಭದಲ್ಲಿ ಅದರ ಮಾಲೀಕರಾಗಿದ್ದ ಟೆಡ್ ಸ್ಟೆಪಿಯನ್ ಅವರ ಆಡಳಿತವು ಮುಂದಿನ ವರ್ಷಗಳ ಮೊದಲ ಸುತ್ತಿನ ಸರದಿಗಳನ್ನು ಸಾಧಾರಣ ಆಟಗಾರರಿಗಾಗಿ ಒಂದಾದ ಮೇಲೊಂದರಂತೆ ಕೊಟ್ಟುಬಿಟ್ಟು, ಬಿತ್ತನೆಯ ಬೀಜವನ್ನೇ ಬೇಯಿಸಿ ಉಂಡ ಒಕ್ಕಲಿನ ಸ್ಥಿತಿಗೆ ತಂಡವನ್ನು ತಂದಿತು. 1983ರಲ್ಲಿ ತಂಡ ಕೈಬದಲಾದಾಗ ಲೀಗು ಹೊಸ ಮಾಲೀಕರಿಗೆ ಹೆಚ್ಚುವರಿ ಸರದಿಗಳನ್ನು ಒದಗಿಸಬೇಕಾಯಿತು. ಯಾವ ತಂಡವೂ ಮುಂಬರುವ ಯಾವುದೇ ಎರಡು ಸತತ ವರ್ಷಗಳಲ್ಲಿ ಮೊದಲ ಸುತ್ತಿನ ಸರದಿಯಿಲ್ಲದೆ ಉಳಿಯಕೂಡದು ಎಂಬ ನಿಬಂಧನೆ ಇಂದಿಗೂ ಸ್ಟೆಪಿಯನ್ ನಿಯಮವೆಂದೇ ಕರೆಸಿಕೊಳ್ಳುತ್ತದೆ.

ಎಳೆಯ ಆಟಗಾರರ ಬೆಲೆ ಮುಂದಿನ ದಿನಗಳಲ್ಲಿ ಇನ್ನಷ್ಟು ಏರಿದ್ದಕ್ಕೆ ಕಾರಣ ಆಟವಲ್ಲ, ಲೆಕ್ಕಪತ್ರ. 1984-85ರ ಋತುವಿನಿಂದ ಪ್ರತಿ ತಂಡದ ಒಟ್ಟು ಸಂಬಳಕ್ಕೆ ಸ್ಯಾಲರಿ ಕ್ಯಾಪ್ ಎಂಬ ಮಿತಿ ಬಂತು. ಆಗ ಅದು 36 ಲಕ್ಷ ಡಾಲರ್. 1994ರ ಮೊದಲ ಆಯ್ಕೆಯಾದ ಗ್ಲೆನ್ ರಾಬಿನ್ಸನ್ ಒಂದೂ ಪಂದ್ಯ ಆಡುವ ಮೊದಲೇ ಹತ್ತು ವರ್ಷಗಳಿಗೆ 6.8 ಕೋಟಿ ಡಾಲರಿನ ಒಪ್ಪಂದ ಪಡೆದಾಗ, ಮರುವರ್ಷ ಹೊಸಬರ ಸಂಬಳವನ್ನು ಸರದಿಯ ಸಂಖ್ಯೆಗೆ ಅನುಗುಣವಾಗಿ ಗೊತ್ತುಪಡಿಸುವ ಕೋಷ್ಟಕ ಜಾರಿಯಾಯಿತು. ಇದರಿಂದ, ಚೆನ್ನಾಗಿ ಆಡುವ ಎಳೆಯನೊಬ್ಬ ತನ್ನ ಮೊದಲ ಕೆಲವು ವರ್ಷಗಳಲ್ಲಿ ತನ್ನ ಯೋಗ್ಯತೆಗಿಂತ ಬಹಳ ಕಡಿಮೆ ಸಂಬಳಕ್ಕೆ ದೊರೆಯುವಂತಾಗಿ, ಉಳಿದ ಹಣದಲ್ಲಿ ಅವನ ಸುತ್ತ ತಂಡ ಕಟ್ಟುವುದು ಸಾಧ್ಯವಾಯಿತು. ಏಳು ವರ್ಷಗಳ ಮುಂದಿನವರೆಗಿನ ಸರದಿಗಳನ್ನು ಟ್ರೇಡ್ ಮಾಡಲು ಅವಕಾಶವಿರುವುದರಿಂದ, ಇನ್ನೂ ಶಾಲೆಯಲ್ಲಿರುವ ಹುಡುಗರ ಹೆಸರು ಯಾರಿಗೂ ಗೊತ್ತಿಲ್ಲದಿರುವಾಗಲೇ ಅವರ ಮೇಲಿನ ಹಕ್ಕು ಕೈಬದಲಾಗತೊಡಗಿತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ಇಲ್ಲಿ ಗೇಲಿಯ ಮಾತಾಗಿ ಉಳಿಯದೆ ವ್ಯವಹಾರವೇ ಆಯಿತು.

ಈ ಲೆಕ್ಕಾಚಾರವನ್ನು ಅದರ ಕೊನೆಯ ಅಂಚಿನವರೆಗೆ ಒಯ್ದದ್ದು ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್. 2013ರಲ್ಲಿ ಅಲ್ಲಿನ ಜನರಲ್ ಮ್ಯಾನೇಜರ್, ಅಂದರೆ ಆಟಗಾರರ ಆಯ್ಕೆ ಮತ್ತು ವಿನಿಮಯದ ಹೊಣೆ ಹೊತ್ತ ಅಧಿಕಾರಿ, ಆದ ಸ್ಯಾಮ್ ಹಿಂಕಿ ಅವರು ಡ್ರಾಫ್ಟಿನ ರಾತ್ರಿಯೇ ತಂಡದ ಶ್ರೇಷ್ಠ ಆಟಗಾರ, 23 ವರ್ಷದ ಜ್ರೂ ಹಾಲಿಡೇ ಅವರನ್ನು ನ್ಯೂ ಆರ್ಲಿಯನ್ಸ್‌ಗೆ ಕಳುಹಿಸಿ, ಗಾಯಗೊಂಡಿದ್ದ ಹೊಸಬನೊಬ್ಬನನ್ನೂ ಮುಂದಿನ ವರ್ಷದ ಸರದಿಯನ್ನೂ ಪಡೆದರು. ಮುಂದಿನ ಮೂರು ಋತುಗಳಲ್ಲಿ ತಂಡ ಗೆದ್ದದ್ದು 19, 18 ಮತ್ತು 10 ಪಂದ್ಯ. ಒಟ್ಟು ಸೋಲು 199. ಅಭಿಮಾನಿಗಳಲ್ಲಿ ಪ್ರಕ್ರಿಯೆ ಎಂಬ ಅರ್ಥದ ಪ್ರಾಸೆಸ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಹಾದಿಯಲ್ಲಿ ಜೋಯೆಲ್ ಎಂಬೀಡ್ ಅವರಂತಹ ದೊಡ್ಡ ಆಟಗಾರ ದೊರೆತರಾದರೂ, ಗಾಯದಿಂದಾಗಿ ಅವರು ಎರಡು ಪೂರ್ಣ ಋತುಗಳನ್ನು ಕಳೆದುಕೊಂಡರು; ಹಿಂಕಿ 2016ರಲ್ಲಿ 13 ಪುಟಗಳ ಪತ್ರ ಬರೆದು ರಾಜೀನಾಮೆ ಕೊಟ್ಟರು. ಲೀಗು ನಿಯಮವನ್ನು ಮತ್ತೆ ತಿದ್ದಿ, 2019ರಿಂದ ಕಡೆಯ ಮೂರು ತಂಡಗಳಿಗೂ ತಲಾ ಶೇ. 14ರ ಸಮಾನ ಅವಕಾಶವನ್ನಷ್ಟೇ ಉಳಿಸಿತು.

ಫಿಲಡೆಲ್ಫಿಯಾ ಸೋಲತೊಡಗಿದ ಅದೇ 2013ರ ಬೇಸಿಗೆಯಲ್ಲಿ ಬಾಸ್ಟನ್ ಬೇರೆ ದಾರಿ ಹಿಡಿಯಿತು. ಹೊಸ ಕ್ರೀಡಾಂಗಣ ಕಟ್ಟಿಕೊಂಡು ತತ್‌ಕ್ಷಣ ಪ್ರಶಸ್ತಿ ಬಯಸುತ್ತಿದ್ದ ಬ್ರೂಕ್ಲಿನ್ ನೆಟ್ಸ್‌ಗೆ ಜನರಲ್ ಮ್ಯಾನೇಜರ್ ಡ್ಯಾನಿ ಏಂಜ್ ಅವರು 37 ವರ್ಷದ ಕೆವಿನ್ ಗಾರ್ನೆಟ್ ಮತ್ತು 35 ವರ್ಷದ ಪಾಲ್ ಪಿಯರ್ಸ್ ಅವರನ್ನು ಕೊಟ್ಟು, 2014, 2016 ಮತ್ತು 2018ರ ಮೊದಲ ಸುತ್ತಿನ ಸರದಿಗಳನ್ನೂ 2017ರಲ್ಲಿ ಸರದಿ ಅದಲುಬದಲು ಮಾಡಿಕೊಳ್ಳುವ ಹಕ್ಕನ್ನೂ ಪಡೆದರು. ಎರಡು ತಂಡಗಳ ಸರದಿಗಳಲ್ಲಿ ಮೇಲಿನದನ್ನು ತಾನು ಇಟ್ಟುಕೊಳ್ಳುವುದೇ ಆ ಹಕ್ಕಿನ ಅರ್ಥ. ಪಿಯರ್ಸ್ ಒಂದೇ ಋತು ಆಡಿ ಹೊರಟರು, ಗಾರ್ನೆಟ್ ಎರಡನೆಯ ಋತುವಿನ ನಡುವೆ ಹೋದರು, ಬ್ರೂಕ್ಲಿನ್ ಕುಸಿಯಿತು. ಅದರ ಸೋಲಿನ ಫಲವೆಲ್ಲ ಬಾಸ್ಟನ್‌ಗೆ ಸಂದಿತು: 2016ರಲ್ಲಿ ಜೇಲನ್ ಬ್ರೌನ್, 2017ರಲ್ಲಿ ಮೊದಲ ಸರದಿ. ಆ ವರ್ಷ ಬಾಸ್ಟನ್ 53 ಪಂದ್ಯ ಗೆದ್ದು ಪೂರ್ವ ವಿಭಾಗದ ಅಗ್ರಸ್ಥಾನದಲ್ಲಿದ್ದುಕೊಂಡೇ ಡ್ರಾಫ್ಟಿನ ಮೊದಲ ಸರದಿಯನ್ನೂ ಕೈಯಲ್ಲಿ ಹಿಡಿದಿತ್ತು. ಏಂಜ್ ಅದನ್ನೂ ಫಿಲಡೆಲ್ಫಿಯಾಗೆ ಬಿಟ್ಟುಕೊಟ್ಟು, ಮೂರನೆಯ ಸರದಿಯ ಜೊತೆಗೆ ಇನ್ನೊಂದು ಭವಿಷ್ಯದ ಸರದಿಯನ್ನು ಪಡೆದು, ಜೇಸನ್ ಟೇಟಮ್ ಅವರನ್ನು ಆರಿಸಿದರು. ಮೊದಲನೆಯವರಾಗಿ ಫಿಲಡೆಲ್ಫಿಯಾ ಸೇರಿದ ಮಾರ್ಕೆಲ್ ಫುಲ್ಟ್ಸ್ ಎರಡು ವರ್ಷ ತುಂಬುವ ಮೊದಲೇ ಬೇರೆ ತಂಡಕ್ಕೆ ಹೋದರು. ಬ್ರೌನ್ ಮತ್ತು ಟೇಟಮ್ 2024ರಲ್ಲಿ ಬಾಸ್ಟನ್‌ಗೆ ಹದಿನೆಂಟನೆಯ ಪ್ರಶಸ್ತಿ ತಂದರು.

ಎರಡೂ ದಾರಿಗಳನ್ನು ಹೆಣೆದದ್ದು ಒಕ್ಲಹೋಮ ಸಿಟಿ ಥಂಡರ್, ಮತ್ತು ಅದರ ಕಥೆಯ ಮೊದಲ ಭಾಗ ನಡೆದದ್ದು ಬೇರೆ ಊರಿನಲ್ಲಿ. 1967ರಿಂದ ಸಿಯಾಟಲ್‌ನಲ್ಲಿದ್ದ ಸೂಪರ್‌ಸಾನಿಕ್ಸ್ ತಂಡ 2007ರಲ್ಲಿ ಕೆವಿನ್ ಡ್ಯುರಾಂಟ್ ಅವರನ್ನು ಆರಿಸಿ, ಹಿರಿಯ ರೇ ಆಲನ್ ಅವರನ್ನು ಬಾಸ್ಟನ್‌ಗೆ ಕಳುಹಿಸಿ, 20 ಗೆಲುವು 62 ಸೋಲಿನ ಋತುವೊಂದನ್ನು ಸಹಿಸಿತು. ಆ ಸೋಲನ್ನು ಉಂಡ ಸಿಯಾಟಲ್ ಜನಕ್ಕೆ ಬೆಳೆ ಕಾಣುವ ಭಾಗ್ಯವಿರಲಿಲ್ಲ, ಏಕೆಂದರೆ 2008ರಲ್ಲಿ ಮಾಲೀಕರು ತಂಡವನ್ನೇ ಒಕ್ಲಹೋಮಕ್ಕೆ ಒಯ್ದರು. 2012ರಲ್ಲಿ ಫೈನಲ್ ತಲುಪಿದ ಆ ತಂಡದಿಂದ ಡ್ಯುರಾಂಟ್ 2016ರಲ್ಲಿ ಹೊರನಡೆದರು. 2019ರಲ್ಲಿ ತಾರೆ ಕವಾಯ್ ಲೆನರ್ಡ್ ಅವರನ್ನು ತಂಡಕ್ಕೆ ಒಲಿಸಿಕೊಳ್ಳಲು ಆಗ ಒಕ್ಲಹೋಮದಲ್ಲಿದ್ದ ಪಾಲ್ ಜಾರ್ಜ್ ಅವರೂ ಬೇಕೇಬೇಕೆಂಬ ಒತ್ತಡಕ್ಕೆ ಸಿಲುಕಿದ್ದ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ನಿಂದ, ಜಾರ್ಜ್ ಅವರಿಗೆ ಪ್ರತಿಯಾಗಿ, ಜನರಲ್ ಮ್ಯಾನೇಜರ್ ಸ್ಯಾಮ್ ಪ್ರೆಸ್ಟಿ ಐದು ಮೊದಲ ಸುತ್ತಿನ ಸರದಿಗಳನ್ನೂ ಎರಡು ಅದಲುಬದಲಿನ ಹಕ್ಕುಗಳನ್ನೂ ಶೇ ಗಿಲ್ಜಸ್ ಅಲೆಕ್ಸಾಂಡರ್ ಎಂಬ ಎಳೆಯ ಆಟಗಾರನನ್ನೂ ಪಡೆದರು. ಕೆಲಕಾಲದ ನಂತರ ಬಂದ ಎರಡು ಬಡ ಋತುಗಳ ಪೈಕಿ ಎರಡನೆಯದರಲ್ಲಿ, 2021ರ ಡಿಸೆಂಬರ್ 2ರಂದು, ತಂಡ ಮೆಂಫಿಸ್ ಎದುರು 73 ಅಂಕಗಳಿಂದ ಸೋತು ಲೀಗಿನ ಅತಿದೊಡ್ಡ ಸೋಲಿನ ದಾಖಲೆ ಬರೆಯಿತು. ಆ ಸೋಲುಗಳಿಂದ 2022ರಲ್ಲಿ ಎರಡನೆಯ ಸರದಿಯ ಚೆಟ್ ಹೋಮ್‌ಗ್ರೆನ್ ದೊರೆತರೆ, ಕ್ಲಿಪ್ಪರ್ಸ್ ಕೊಟ್ಟಿದ್ದ ಹನ್ನೆರಡನೆಯ ಸರದಿಯಿಂದ ಜೇಲನ್ ವಿಲಿಯಮ್ಸ್ ಬಂದರು. 2024-25ರಲ್ಲಿ 68 ಪಂದ್ಯ ಗೆದ್ದು, ಫೈನಲ್‌ನಲ್ಲಿ ಇಂಡಿಯಾನಾವನ್ನು 4-3ರಿಂದ ಮಣಿಸಿ ಥಂಡರ್ ಪ್ರಶಸ್ತಿ ಪಡೆಯಿತು. ಗಿಲ್ಜಸ್ ಅಲೆಕ್ಸಾಂಡರ್ ಆ ಋತುವಿನ ಮತ್ತು ಫೈನಲ್‌ನ ಶ್ರೇಷ್ಠ ಆಟಗಾರರೆನಿಸಿದರು.

ಹಾಗೆಂದು ಕಟ್ಟುವ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಎಳೆಯರು ಒಟ್ಟಿಗೆ ಬೆಳೆದಾಗ ಅವರ ಸಂಬಳವೂ ಒಟ್ಟಿಗೆ ಬೆಳೆಯುತ್ತದೆ, ಮತ್ತು ಮಿತಿಯನ್ನು ಬಹಳ ಮೀರಿದ ತಂಡಗಳ ಕೈಕಟ್ಟುವ, ಲೀಗು ಮತ್ತು ಆಟಗಾರರ ನಡುವಿನ 2023ರ ಒಪ್ಪಂದದ ಬಳಿಕ ಎಲ್ಲರನ್ನೂ ಉಳಿಸಿಕೊಳ್ಳುವುದು ದುಸ್ತರವಾಗಿದೆ. 2013ರಲ್ಲಿ ಫಿಲಡೆಲ್ಫಿಯಾ ತನ್ನ ಭವಿಷ್ಯಕ್ಕಾಗಿ ಬಿಟ್ಟುಕೊಟ್ಟ ಜ್ರೂ ಹಾಲಿಡೇ ಅವರ ವೃತ್ತಿಜೀವನವೇ ಈ ಇಡೀ ಇತಿಹಾಸದ ಸಂಗ್ರಹದಂತಿದೆ. ಮಿಲ್ವಾಕಿ ಹಲವು ವರ್ಷಗಳ ಸರದಿಗಳನ್ನು ತೆತ್ತು ಅವರನ್ನು ತಂದುಕೊಂಡು 2021ರಲ್ಲಿ ಪ್ರಶಸ್ತಿ ಗೆದ್ದು, 2023ರಲ್ಲಿ ಇನ್ನೊಬ್ಬ ತಾರೆಗಾಗಿ ಅವರನ್ನು ಬಿಟ್ಟುಕೊಟ್ಟಿತು. ಬಾಸ್ಟನ್ ಅವರೊಂದಿಗೆ 2024ರಲ್ಲಿ ಗೆದ್ದು, ಸಂಬಳದ ಹೊರೆ ಇಳಿಸಲು 2025ರಲ್ಲಿ ಪೋರ್ಟ್‌ಲ್ಯಾಂಡಿಗೆ ಕಳುಹಿಸಿತು. ಅವರನ್ನು ಬಿಟ್ಟುಕೊಟ್ಟು ಕಾಯುತ್ತ ಕುಳಿತ ಫಿಲಡೆಲ್ಫಿಯಾ ಮಾತ್ರ ಆ ಹನ್ನೆರಡು ವರ್ಷಗಳಲ್ಲಿ ಒಮ್ಮೆಯೂ ಪ್ಲೇಆಫ್‌ನ ಎರಡನೆಯ ಸುತ್ತನ್ನು ದಾಟಲಿಲ್ಲ.